ಎಲ್ಲರೂ ‘ಹೌದು’ ಅಂದಾಗಲೇ ನನಗೆ ಅನುಮಾನ ಬಂತು

2021ರಲ್ಲಿ ನಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕೋವಿಡ್ ಲಸಿಕೆ ಬಗ್ಗೆ ಏನಂದುಕೊಂಡಿದ್ದಾರೆ ಅಂತ ತಿಳಿಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವವಳು. ಸಮೀಕ್ಷೆ ತಾನೇ, ನೀರು ಕುಡಿದಷ್ಟು ಸುಲಭ ಅಂದುಕೊಂಡೆ. ಒಂದು ಸಂಜೆ ಕೂತು ಹನ್ನೆರಡು ಪ್ರಶ್ನೆ ಬರೆದು, ಆನ್‌ಲೈನ್ ಫಾರ್ಮ್ ಮಾಡಿ, ಕ್ಲಾಸಿನ ವಾಟ್ಸಾಪ್ ಗ್ರೂಪುಗಳಿಗೆ ಹಾಕಿಬಿಟ್ಟೆ.

ಎರಡು ದಿನದಲ್ಲಿ ಉತ್ತರಗಳು ಬಂದವು. ಹೆಚ್ಚುಕಮ್ಮಿ ಎಲ್ಲರೂ ಲಸಿಕೆ ಹಾಕಿಸಿಕೊಳ್ಳುತ್ತೇವೆ ಅಂದಿದ್ದರು. ಆದರೆ ಇದೇ ಮಕ್ಕಳು ಆನ್‌ಲೈನ್ ಕ್ಲಾಸ್ ಮುಗಿದ ಮೇಲೆ ಮೈಕ್ ಆಫ್ ಮಾಡುವುದನ್ನು ಮರೆತು ಆಡುತ್ತಿದ್ದ ಮಾತೇ ಬೇರೆ. ‘ನೀನು ಮೊದಲು ಹಾಕಿಸ್ಕೋ, ಆಮೇಲೆ ನೋಡೋಣ’ ಅನ್ನುವುದನ್ನು ನಾನೇ ಕಿವಿಯಾರೆ ಕೇಳಿದ್ದೆ. ಮತ್ತೆ ಫಾರ್ಮ್ ತೆರೆದು ನೋಡಿದರೆ ತಪ್ಪು ನನ್ನದೇ. ಉತ್ತರದ ಜೊತೆ ಇಮೇಲ್ ವಿಳಾಸವೂ ಬರುವ ಹಾಗೆ ಇಟ್ಟಿದ್ದೆ. ಮಾರ್ಕ್ಸ್ ಹಾಕುವ ಮೇಡಂಗೆ ಹೆಸರು ಗೊತ್ತಾಗುತ್ತೆ ಅಂದರೆ ಯಾರು ತಾನೇ ‘ಇಲ್ಲ’ ಅಂತ ಒತ್ತುತ್ತಾರೆ? ಬಂದದ್ದನ್ನೆಲ್ಲ ಅಳಿಸಿ ಹಾಕಿದೆ.

ಈ ಸಲ ಕಳಿಸುವ ಮುಂಚೆ ಕೊನೆಯ ವರ್ಷದ ಒಬ್ಬ ಹುಡುಗಿಗೆ ಫೋನ್ ಮಾಡಿ, ‘ಪ್ರಶ್ನೆ ಜೋರಾಗಿ ಓದು, ತಲೆಗೆ ಬಂದದ್ದನ್ನು ಹಾಗೇ ಹೇಳು’ ಅಂದೆ. ಮೊದಲ ಪ್ರಶ್ನೆ: ‘ಲಸಿಕೆ ಸುರಕ್ಷಿತ ಮತ್ತು ಪರಿಣಾಮಕಾರಿ ಎಂದು ಒಪ್ಪುತ್ತೀರಾ?’ ಅವಳು ಓದಿ ಸುಮ್ಮನಾದಳು.

‘ಯಾಕಮ್ಮ?’

‘ಮೇಡಂ, ಕೆಲಸ ಮಾಡುತ್ತೆ ಅಂತ ನಂಬಿಕೆ ಇದೆ. ಸುರಕ್ಷಿತವಾ ಅಂತ ಗೊತ್ತಿಲ್ಲ. ನಾನು ಯಾವುದು ಒತ್ತಲಿ?’

ಎರಡು ಪ್ರಶ್ನೆಯನ್ನು ಒಂದೇ ಹಗ್ಗದಲ್ಲಿ ಕಟ್ಟಬಾರದು ಅಂತ ಪ್ರತಿ ವರ್ಷ ಪಾಠ ಮಾಡುವವಳು ನಾನೇ! ಆಮೇಲೆ ಅವಳು ಇನ್ನೊಂದು ಕೇಳಿದಳು. ‘ಸುರಕ್ಷಿತ ಅಂದರೆ ಯಾರಿಗೆ? ನನಗಾ, ನಮ್ಮ ಅಜ್ಜಿಗಾ?’ ಅಜ್ಜಿಗೆ ಮೊದಲ ದಿನವೇ ಹಾಕಿಸಿದ್ದರಂತೆ. ತಾನು ಮಾತ್ರ ಕಾಯುತ್ತಿದ್ದಳು. ಆ ಒಂದು ಪ್ರಶ್ನೆಯನ್ನು ಮೂರು ಮಾಡಿದೆ.

ಆ ಫೋನ್ ಕರೆಯಿಂದ ಇನ್ನೂ ಒಂದು ವಿಷಯ ಹೊಳೆಯಿತು. ‘ಹಾಕಿಸಿಕೊಳ್ಳುತ್ತೀರಾ, ಹೌದು ಅಥವಾ ಇಲ್ಲ’ ಅಂತ ಕೇಳಿದರೆ ಇಂಥ ಹುಡುಗಿಗೆ ಜಾಗವೇ ಇಲ್ಲ. ಹಾಗಾಗಿ ನಾಲ್ಕು ಉತ್ತರ ಕೊಟ್ಟೆ: ಹಾಕಿಸಿಕೊಂಡಾಗಿದೆ, ಸಿಕ್ಕ ತಕ್ಷಣ ಹಾಕಿಸಿಕೊಳ್ಳುತ್ತೇನೆ, ಕಾದು ನೋಡುತ್ತೇನೆ, ಬೇಡ. ಮೂರನೆಯದನ್ನು ಒತ್ತಿದವರಿಗೆ ಮಾತ್ರ ಒಂದು ಖಾಲಿ ಜಾಗ ತೆರೆದುಕೊಳ್ಳುತ್ತಿತ್ತು. ‘ಏನಾಗುವ ತನಕ ಕಾಯುತ್ತೀರಿ?’

ಇಡೀ ಸಮೀಕ್ಷೆಯಲ್ಲಿ ನನಗೆ ಅತಿ ಜಾಸ್ತಿ ಕಲಿಸಿದ್ದು ಆ ಖಾಲಿ ಜಾಗವೇ. ‘ಪರೀಕ್ಷೆ ಮುಗಿಯಲಿ, ಜ್ವರ ಬಂದರೆ ಕಷ್ಟ.’ ‘ರೂಮ್‌ಮೇಟ್ ಹಾಕಿಸಿಕೊಂಡು ಒಂದು ತಿಂಗಳಾಗಲಿ.’ ‘ಅಪ್ಪ ಒಪ್ಪಲಿ.’ ‘ಬೇರೆ ಕಂಪನಿಯದು ಬರಲಿ.’ ಒಬ್ಬರಂತೂ ‘ಯಾರಾದರೂ ಕರೆದುಕೊಂಡು ಹೋಗುವ ತನಕ’ ಅಂತ ಬರೆದಿದ್ದರು. ಇವರನ್ನೆಲ್ಲ ಲಸಿಕೆ ವಿರೋಧಿಗಳು ಅಂತ ಒಂದೇ ಮೂಟೆಗೆ ತುಂಬಿದರೆ ಎಂಥ ಅನ್ಯಾಯ, ಅಲ್ವಾ? ಪರೀಕ್ಷೆಯ ಚಿಂತೆ ಬರೆದವರ ಲೆಕ್ಕವೂ ತಪ್ಪಲ್ಲ. ಎಂಆರ್‌ಎನ್‌ಎ ಲಸಿಕೆಗಳ (ಫೈಜರ್, ಮಾಡರ್ನಾ ಥರದವು) ಪ್ರಯೋಗದಲ್ಲಿ ಜ್ವರ, ಸುಸ್ತು ವಯಸ್ಸಾದವರಿಗಿಂತ ಚಿಕ್ಕ ವಯಸ್ಸಿನವರಲ್ಲೇ ಜಾಸ್ತಿ ಕಂಡಿತ್ತು, ಅದೂ ಎರಡನೇ ಡೋಸ್ ಆದ ಮೇಲೆ. ಅವರಿಗೆ ಭಾಷಣ ಬೇಕಿರಲಿಲ್ಲ. ಪರೀಕ್ಷೆ ಮುಗಿದ ಮಾರನೇ ದಿನದ ಒಂದು ಸ್ಲಾಟ್ ಸಾಕಿತ್ತು.

ಉಳಿದ ಪ್ರಶ್ನೆಗಳನ್ನು ನಾನು ಸ್ವಂತವಾಗಿ ಬರೆಯುವ ಗೋಜಿಗೆ ಹೋಗಲಿಲ್ಲ. ಲಸಿಕೆಗೆ ಜನ ಹಿಂಜರಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ, ಅಂದರೆ ಕೋವಿಡ್‌ಗಿಂತ ಮುಂಚೆಯೇ, ಆರೋಗ್ಯಕ್ಕಿರುವ ಹತ್ತು ದೊಡ್ಡ ಅಪಾಯಗಳ ಪಟ್ಟಿಯಲ್ಲಿ ಸೇರಿಸಿತ್ತು. 2018ರಲ್ಲಿ ಮನಶ್ಶಾಸ್ತ್ರಜ್ಞೆ ಕಾರ್ನೆಲಿಯಾ ಬೆಚ್ ಮತ್ತು ಜೊತೆಗಾರರು ‘5ಸಿ’ ಅನ್ನುವ ಅಳತೆಗೋಲು ಮಾಡಿಟ್ಟಿದ್ದರು. ಲಸಿಕೆ ಮೇಲೆ ನಂಬಿಕೆ ಎಷ್ಟು, ರೋಗದ ಬಗ್ಗೆ ಉದಾಸೀನ ಎಷ್ಟು, ಹೋಗಿ ಬರಲು ಅಡಚಣೆ ಎಷ್ಟು, ಲಾಭ ನಷ್ಟ ತೂಗುವ ಅಭ್ಯಾಸ ಎಷ್ಟು, ಬೇರೆಯವರ ಬಗ್ಗೆ ಹೊಣೆ ಎಷ್ಟು ಅಂತ ಬೇರೆ ಬೇರೆಯಾಗಿ ಅಳೆಯುತ್ತದೆ. ಪ್ರತಿ ಹೇಳಿಕೆಗೂ 1ರಿಂದ 7ರ ತನಕ ಅಂಕ.

ಇಲ್ಲೂ ಎಡವಿದೆ. ಹೊಣೆಯ ಭಾಗದಲ್ಲಿ ‘ಎಲ್ಲರೂ ಹಾಕಿಸಿಕೊಂಡರೆ ನಾನು ಹಾಕಿಸಿಕೊಳ್ಳಬೇಕಿಲ್ಲ’ ಅನ್ನುವ ಉಲ್ಟಾ ಹೇಳಿಕೆ ಇದೆ. ಅದಕ್ಕೆ 7 ಕೊಟ್ಟವರ ಹೊಣೆ 1 ಅಂತ ಓದಬೇಕು, ಅಂದರೆ ಅಂಕವನ್ನು 8ರಿಂದ ಕಳೆಯಬೇಕು. ನಾನು ಕಳೆಯಲಿಲ್ಲ. ನರ್ಸಿಂಗ್ ವಿದ್ಯಾರ್ಥಿಗಳೇ ಎಲ್ಲರಿಗಿಂತ ಬೇಜವಾಬ್ದಾರಿ ಅಂತ ಫಲಿತಾಂಶ ಬಂದಾಗ ಗಾಬರಿಯಾಗಿ ಹಾಳೆ ತಿರುವಿ ನೋಡಿದೆ. ಪುಣ್ಯ, ಯಾರಿಗೂ ಕಳಿಸಿರಲಿಲ್ಲ.

ಲೆಕ್ಕ ಸರಿ ಮಾಡಿ ನೋಡಿದರೆ, ಲಾಭ ನಷ್ಟ ಜಾಸ್ತಿ ತೂಗಿ ನೋಡುವವರೇ ಲಸಿಕೆ ಬಗ್ಗೆ ಜಾಸ್ತಿ ಅನುಮಾನ ಪಡುತ್ತಿದ್ದರು. ಇದು ಸಹಜ ಅನಿಸುತ್ತದೆ. ಹುಡುಕಿದವರ ಕೈಗೇ ಅಲ್ವಾ ಗೊಂದಲದ ಸುದ್ದಿಯೂ ಸಿಗುವುದು? ಆಮೇಲೆ ವಿದ್ಯಾರ್ಥಿಗಳ ಜೊತೆ ನಡೆದ ಆನ್‌ಲೈನ್ ಮಾತುಕತೆಯಲ್ಲಿ ಒಬ್ಬ ಹುಡುಗ ಹೃದಯದ ಸ್ನಾಯು ಊದಿಕೊಳ್ಳುವ ಬಗ್ಗೆ ಕೇಳಿದ. ಜೊತೆಗಿದ್ದ ವೈದ್ಯರು ಅದನ್ನು ತಳ್ಳಿಹಾಕಲಿಲ್ಲ. ಎಂಆರ್‌ಎನ್‌ಎ ಲಸಿಕೆಯಿಂದ ತೀರಾ ಅಪರೂಪಕ್ಕೆ ಆಗುವುದು ನಿಜ, ಯುವಕರಲ್ಲೇ ಜಾಸ್ತಿ, ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ಕೋವಿಡ್ ರೋಗದಿಂದಲೂ ಅದೇ ತೊಂದರೆ ಬರಬಹುದು ಅಂದರು. ಚಾಟ್‌ನಲ್ಲಿ ಅಲ್ಲಿಯವರೆಗೆ ಓಡುತ್ತಿದ್ದ ಕೊಂಕು ಮಾತು ನಿಂತು, ನಿಜವಾದ ಪ್ರಶ್ನೆಗಳು ಬರತೊಡಗಿದವು.

ಫಾರ್ಮಿನ ಕೊನೆಯಲ್ಲಿ ‘ಇನ್ನೇನಾದರೂ ಹೇಳುವುದಿದೆಯಾ’ ಅಂತ ಸುಮ್ನೆ ಇಟ್ಟಿದ್ದೆ. ಅಲ್ಲಿ ಒಬ್ಬರು ಬರೆದಿದ್ದರು: ‘ನನಗೆ ಸೂಜಿ ಕಂಡರೆ ಭಯ. ಅಷ್ಟೇ.’ ನನ್ನ ಯಾವ ಪ್ರಶ್ನೆಯಲ್ಲೂ ಸೂಜಿ ಇರಲಿಲ್ಲ. ಕಾಲೇಜು ಆವರಣದಲ್ಲಿ ಲಸಿಕೆ ಹಾಕಿದ ದಿನ ಒಂದು ಮಂಚ ಹಾಕಿಸಿ, ಮಲಗಿಕೊಂಡೂ ಹಾಕಿಸಿಕೊಳ್ಳಬಹುದು ಅಂತ ಚೀಟಿ ಅಂಟಿಸಿದೆವು. ಆ ಮಂಚ ಆ ದಿನ ಖಾಲಿ ಉಳಿದದ್ದೇ ಕಮ್ಮಿ.

ಮೂರು ತಿಂಗಳಾದ ಮೇಲೆ ಎರಡನೇ ಸುತ್ತು ಮಾಡಿದೆ. ಕಾಯುತ್ತೇನೆ ಅಂದವರು ಏನು ಮಾಡಿದರು ಅಂತ ನೋಡಬೇಕಿತ್ತು. ಹೆಸರು ಕೇಳುವ ಹಾಗಿಲ್ಲವಲ್ಲ, ಅದಕ್ಕೆ ಮೊದಲ ಸುತ್ತಿನಲ್ಲೇ ಒಂದು ಕೋಡ್ ಮಾಡಿಸಿದ್ದೆ: ಅಮ್ಮನ ಹೆಸರಿನ ಮೊದಲಕ್ಷರ, ಜೊತೆಗೆ ಫೋನ್ ನಂಬರಿನ ಕೊನೆಯ ಎರಡು ಅಂಕಿ. ಅಷ್ಟರಲ್ಲಿ ಕೆಲವರು ಸಿಮ್ ಬದಲಿಸಿದ್ದರು. ಅವರ ಎರಡು ಉತ್ತರಗಳನ್ನು ಕೂಡಿಸಲು ಆಗಲೇ ಇಲ್ಲ. ಈಗ ಫೋನ್ ನಂಬರ್ ಬಿಟ್ಟು ಹುಟ್ಟಿದ ತಾರೀಕು ಕೇಳುತ್ತೇನೆ. ಅಮ್ಮನ ಹೆಸರು ಬದಲಾಗುವುದಿಲ್ಲ ಅಂತ ಧೈರ್ಯವಾಗಿದ್ದೆ. ಅದನ್ನೂ ಒಬ್ಬ ಮಹಾಶಯ ಒಂದು ಸಲ ನಿಜ ಹೆಸರಲ್ಲಿ, ಇನ್ನೊಂದು ಸಲ ಮನೆಯಲ್ಲಿ ಕರೆಯುವ ಹೆಸರಲ್ಲಿ ಬರೆದಿದ್ದ.