ವಿಂಡೋಸ್ ಡಿಸ್ಕಿನ ಕೇಬಲ್ ಬಿಚ್ಚಿಟ್ಟು ಲಿನಕ್ಸ್ ಮಿಂಟ್ ಹಾಕುವ ಕ್ರಮ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್‌ನಿಂದ ಮೇಲಕ್ಕೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಬಿಡಿಭಾಗ ತಂದು ಹತ್ತು ವರ್ಷದ ಹಿಂದೆ ಮನೆಯಲ್ಲೇ ಜೋಡಿಸಿದ ಪಿಸಿ, ಅಂದರೆ 4ನೇ ತಲೆಮಾರಿನ ಐ5, ಎಚ್81 ಬೋರ್ಡು, 8 ಜಿಬಿ ರ‍್ಯಾಮ್ ಇರುವಂಥದ್ದು, ಈ ಪಟ್ಟಿಯಿಂದ ಹೊರಗೆ. ಆದರೆ ಯಂತ್ರಕ್ಕೇನೂ ಆಗಿಲ್ಲ. ಅದಕ್ಕೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮಿನ 22ರ ಸರಣಿ ಹಾಕಿದರೆ 2029ರ ಏಪ್ರಿಲ್‌ವರೆಗೆ ಭದ್ರತಾ ಅಪ್‌ಡೇಟ್ ಬರುತ್ತಿರುತ್ತದೆ.

ಇರುವ ಒಂದೇ ಡಿಸ್ಕನ್ನು ಭಾಗ ಮಾಡಿ ಎರಡೂ ಸಿಸ್ಟಮ್ ತುಂಬಿಸುವುದು ರೂಢಿ. ಲ್ಯಾಪ್‌ಟಾಪಿನಲ್ಲಿ ಬಹಳಷ್ಟು ಸಲ ಬೇರೆ ದಾರಿಯಿಲ್ಲ. ಕೈಯಾರೆ ಜೋಡಿಸಿದ ಡೆಸ್ಕ್‌ಟಾಪಿನಲ್ಲಿ ಆ ಅಪಾಯ ಮೈಮೇಲೆ ಎಳೆದುಕೊಳ್ಳಬೇಡಿ. ಲಿನಕ್ಸಿಗೆ ಅದರದೇ ಎಸ್‌ಎಸ್‌ಡಿ ಕೊಡಿ. ಇನ್‌ಸ್ಟಾಲ್ ಮುಗಿಯುವವರೆಗೆ ವಿಂಡೋಸ್ ಇರುವ ಡಿಸ್ಕಿನ ಕೇಬಲ್ ಬಿಚ್ಚಿಡಿ. ಮಿಂಟ್‌ನ ಇನ್‌ಸ್ಟಾಲರಿಗೆ ಹಳೆಯ ಚಾಳಿಯೊಂದಿದೆ: ಬೂಟ್‌ಲೋಡರನ್ನು, ಅಂದರೆ ಸಿಸ್ಟಮನ್ನು ಶುರು ಮಾಡುವ ಪುಟ್ಟ ಪ್ರೋಗ್ರಾಮನ್ನು, ಎರಡನೇ ಡಿಸ್ಕಿನಲ್ಲಿ ಹಾಕು ಎಂದು ನೀವು ಆರಿಸಿದ್ದರೂ ಯುಇಎಫ್‌ಐ (ಪಿಸಿ ಆನ್ ಆದೊಡನೆ ಓಡುವ ಬಯೋಸ್‌ನ ಹೊಸ ರೂಪ) ಯಂತ್ರದಲ್ಲಿ ಅದು ಮೊದಲ ಡಿಸ್ಕಿನಲ್ಲಿ ಬೂಟ್ ಫೈಲುಗಳಿರುವ ಇಎಫ್‌ಐ ವಿಭಾಗಕ್ಕೇ ಹೋಗಿ ಕೂರುವುದುಂಟು. ಮುಂದೆ ಆ ಮೊದಲ ಡಿಸ್ಕು ಕೆಟ್ಟರೆ, ಅಥವಾ ಅದನ್ನು ಫಾರ್ಮ್ಯಾಟ್ ಮಾಡಿದರೆ, ಲಿನಕ್ಸ್ ಫೈಲುಗಳು ಕ್ಷೇಮವಾಗಿದ್ದೂ ಬೂಟ್ ಆಗುವುದಿಲ್ಲ. ಡಿಸ್ಕು ಕಣ್ಣಿಗೇ ಬೀಳದಿದ್ದರೆ ತಪ್ಪು ಮಾಡಲು ಇನ್‌ಸ್ಟಾಲರಿಗೆ ಜಾಗವೇ ಇಲ್ಲ.

ಬೇಕಾದ ಸಾಮಾನು

2.5 ಇಂಚಿನ 240 ಅಥವಾ 256 ಜಿಬಿಯ ಸಾಟಾ ಎಸ್‌ಎಸ್‌ಡಿ ಒಂದು, ಸಾಟಾ ಡೇಟಾ ಕೇಬಲ್ ಒಂದು, ಎಂ3 ಸ್ಕ್ರೂ ನಾಲ್ಕು, 8 ಜಿಬಿ ಪೆನ್ ಡ್ರೈವ್ ಒಂದು. ಎಸ್‌ಎಂಪಿಎಸ್‌ನಲ್ಲಿ (ಪವರ್ ಸಪ್ಲೈ ಪೆಟ್ಟಿಗೆ) ಖಾಲಿ ಸಾಟಾ ಪವರ್ ತುದಿ ಇದೆಯೇ ಎಂದು ಮೊದಲೇ ಕ್ಯಾಬಿನೆಟ್ ತೆಗೆದು ನೋಡಿ. ಜೊತೆಗೆ ಒಂದು ಸಿಆರ್2032 ಬ್ಯಾಟರಿ ತನ್ನಿ. ಹತ್ತು ವರ್ಷದ ಬೋರ್ಡಿನಲ್ಲಿ ಸಿಮೋಸ್ ಬ್ಯಾಟರಿ ಸತ್ತಿರುವ ಸಂಭವ ಹೆಚ್ಚು. ಅದು ಸತ್ತರೆ ಸ್ವಿಚ್ ಆರಿಸಿದಾಗಲೆಲ್ಲ ಬಯೋಸ್ ಸೆಟ್ಟಿಂಗ್ ಅಳಿಸಿ, ತಾರೀಖು ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದ್ದರೆ ಬ್ರೌಸರಿನಲ್ಲಿ ಸರ್ಟಿಫಿಕೇಟ್ ದೋಷ ಬರುತ್ತದೆ, ಅಪ್‌ಡೇಟ್ ಕೂಡ ನಿಲ್ಲಬಹುದು. ಜನ ಬೈಯುವುದು ಮಾತ್ರ ಲಿನಕ್ಸನ್ನು.

ಮಿಂಟ್ 2 ಜಿಬಿ ರ‍್ಯಾಮ್, 20 ಜಿಬಿ ಜಾಗದಲ್ಲಿ ನಡೆಯುತ್ತದೆ ಎನ್ನುವುದು ಕನಿಷ್ಠ ಲೆಕ್ಕ. ಸಲೀಸಾಗಿ ಓಡಲು 4 ಜಿಬಿ, 100 ಜಿಬಿ ಬೇಕು. 8 ಜಿಬಿ ರ‍್ಯಾಮ್ ಇದ್ದರೆ ಸಿನ್ನಮನ್ ಆವೃತ್ತಿ ಇಳಿಸಿಕೊಳ್ಳಿ, 4 ಜಿಬಿ ಇದ್ದರೆ ಹಗುರವಾದ ಎಕ್ಸ್‌ಎಫ್‌ಸಿಇ. 64 ಬಿಟ್ ಪ್ರೊಸೆಸರ್ ಇರಲೇಬೇಕು.

ವಿಂಡೋಸ್‌ನಲ್ಲಿ ಮುಗಿಸಬೇಕಾದ್ದು

ಮೊದಲು ಬ್ಯಾಕಪ್. ಕೇಬಲ್ ಬಿಚ್ಚುತ್ತೇವಲ್ಲ ಎಂದು ಇದನ್ನು ಬಿಡಬೇಡಿ. ಹಳೆಯ ಹಾರ್ಡ್ ಡಿಸ್ಕು ಕೈ ಕೊಡಲು ಲಿನಕ್ಸೇ ಬರಬೇಕೆಂದಿಲ್ಲ.

ಆಮೇಲೆ ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕು ಎಂದು ಆರಿಸುವ ಪುಟಕ್ಕೆ ಹೋಗಿ ‘ಫಾಸ್ಟ್ ಸ್ಟಾರ್ಟಪ್’ ಗುರುತು ತೆಗೆಯಿರಿ. ಅದು ಇರುವಾಗ ಶಟ್‌ಡೌನ್ ಎಂದರೆ ಪೂರ್ತಿ ಶಟ್‌ಡೌನ್ ಅಲ್ಲ, ಅರೆನಿದ್ರೆ. ಆ ಸ್ಥಿತಿಯಲ್ಲಿರುವ ವಿಂಡೋಸ್ ವಿಭಾಗವನ್ನು ಲಿನಕ್ಸ್ ಓದಲು ಮಾತ್ರ ತೆರೆಯುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ‘ಫೋಟೋ ಕಾಣುತ್ತೆ, ಕಾಪಿ ಮಾಡಿ ಹಾಕೋಕೆ ಬಿಡ್ತಿಲ್ಲ’ ಎಂಬ ದೂರಿಗೆ ಹೆಚ್ಚಿನ ಸಲ ಇದೇ ಕಾರಣ. ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕಿನ ಡೇಟಾಗೆ ಬೀಗ ಹಾಕುವ ವ್ಯವಸ್ಥೆ) ಚಾಲೂ ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿ ಇರುವ ಸಾಫ್ಟ್‌ವೇರ್ ಮಾತ್ರ ಶುರುವಾಗಲು ಬಿಡುವ ವ್ಯವಸ್ಥೆ) ಬದಲಾಯಿಸಿದ ಮೇಲೆ ವಿಂಡೋಸ್ ಅದನ್ನು ಕೇಳಬಹುದು. ಕೀ ಇಲ್ಲದಿದ್ದರೆ ಆ ಡೇಟಾ ಹೋದಂತೆಯೇ.

ಮಿಂಟ್ ಇನ್‌ಸ್ಟಾಲ್ ಮಾಡಲು ಬೇಕಾದ ಐಎಸ್‌ಒ ಫೈಲು ಸುಮಾರು 3 ಜಿಬಿ ಇರುತ್ತದೆ. ಮಿಂಟ್‌ನ ಅಧಿಕೃತ ತಾಣದಿಂದಲೇ ಇಳಿಸಿ, ಅಲ್ಲೇ ಕೊಟ್ಟಿರುವ ಎಸ್‌ಎಚ್‌ಎ256 ಪಟ್ಟಿಯನ್ನೂ (ಫೈಲು ಕೆಟ್ಟಿಲ್ಲವೆಂದು ತಿಳಿಯುವ ಚೆಕ್‌ಸಮ್) ತೆಗೆದುಕೊಳ್ಳಿ. ಐಎಸ್‌ಒವನ್ನು ಪೆನ್ ಡ್ರೈವಿಗೆ ಬರೆಯುವ ರೂಫಸ್ ಎಂಬ ಪ್ರೋಗ್ರಾಮ್ ತೆರೆದು ಫೈಲನ್ನು ಆರಿಸಿದ ಮೇಲೆ ಪಕ್ಕದಲ್ಲಿರುವ ಟಿಕ್ ಗುರುತಿನ ಸಣ್ಣ ಬಟನ್ ಒತ್ತಿದರೆ ಚೆಕ್‌ಸಮ್ ತೋರಿಸುತ್ತದೆ. ಎರಡೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಮೊದಲ ನಾಲ್ಕು ನೋಡಿ ಸರಿಯಿದೆ ಎಂದುಕೊಳ್ಳಬೇಡಿ, ಕೊನೆಯವನ್ನೂ ನೋಡಿ. ಇನ್‌ಸ್ಟಾಲ್ ಅರ್ಧಕ್ಕೆ ನಿಂತು ‘ಎರ್ನೋ 5’ ಎಂಬ ಇನ್‌ಪುಟ್-ಔಟ್‌ಪುಟ್ ದೋಷ, ಅಥವಾ ‘ಸ್ಕ್ವಾಶ್‌ಎಫ್‌ಎಸ್’ ದೋಷದ ಸಾಲುಗಳು ಬಂದರೆ, ಮೊದಲು ಅನುಮಾನಿಸಬೇಕಾದ್ದು ಹಾಳಾದ ಡೌನ್‌ಲೋಡ್ ಮತ್ತು ಅಗ್ಗದ ಪೆನ್ ಡ್ರೈವ್. ಅವೆರಡೂ ಸರಿಯಿದ್ದರೆ ರ‍್ಯಾಮ್: ಬೇರೆ ಬೇರೆ ಕಂಪನಿಯ ಕಡ್ಡಿ ಬೆರೆಸಿದ್ದರೆ, ಬಯೋಸ್‌ನಲ್ಲಿ ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆನ್ ಮಾಡಿದ್ದರೆ, ಎಕ್ಸ್‌ಎಂಪಿ ಆಫ್ ಮಾಡಿ, ಒಂದೊಂದೇ ಕಡ್ಡಿ ಹಾಕಿ ಪ್ರಯತ್ನಿಸಿ.

ರೂಫಸ್‌ನಲ್ಲಿ ಪಾರ್ಟಿಷನ್ ಸ್ಕೀಮ್ ಜಿಪಿಟಿ, ಟಾರ್ಗೆಟ್ ಯುಇಎಫ್‌ಐ. ಬರೆಯುವ ವಿಧಾನ ಕೇಳಿದಾಗ ಐಎಸ್‌ಒ ಮೋಡ್ ಆರಿಸಿ. ಆ ಪೆನ್ ಡ್ರೈವ್ ಬೂಟ್ ಆಗದಿದ್ದರೆ ಮಾತ್ರ ಡಿಡಿ ಮೋಡ್‌ನಲ್ಲಿ ಇನ್ನೊಮ್ಮೆ ಬರೆಯಿರಿ. ಪೆನ್ ಡ್ರೈವಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.

ಕ್ಯಾಬಿನೆಟ್ ಒಳಗೆ

ಪಿಸಿ ಆರಿಸಿ, ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಆರಿಸಿ, ಪವರ್ ಕಾರ್ಡ್ ಕೀಳಿ. ಮುಂದಿನ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಉಳಿದ ಚಾರ್ಜ್ ಇಳಿಯುತ್ತದೆ. ಬಣ್ಣ ಬಳಿಯದ ಲೋಹದ ಭಾಗ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಂಡೇ ಬೋರ್ಡಿಗೆ ಕೈ ಹಾಕಿ.

ಎಚ್81 ಚಿಪ್‌ಸೆಟ್‌ನಲ್ಲಿ ಸಾಟಾ ಪೋರ್ಟು ನಾಲ್ಕು: ಎರಡು 6 ಜಿಬಿಪಿಎಸ್, ಎರಡು 3 ಜಿಬಿಪಿಎಸ್. ಸಾಮಾನ್ಯವಾಗಿ ಬಣ್ಣ ಬೇರೆ ಇರುತ್ತದೆ. ಬೋರ್ಡಿನ ಕೈಪಿಡಿ ನೋಡಿ ಎಸ್‌ಎಸ್‌ಡಿಯನ್ನು 6ರ ಪೋರ್ಟಿಗೇ ಹಾಕಿ. ಹೊಸ ಬೋರ್ಡಾಗಿದ್ದು ಎಂ.2 ಕಾರ್ಡು ಹಾಕುವವರು ಇನ್ನೊಂದು ವಿಷಯ ಗಮನಿಸಬೇಕು: ಕೆಲವು ಬೋರ್ಡುಗಳಲ್ಲಿ ಎಂ.2 ಜಾಗ ತುಂಬಿದೊಡನೆ ಒಂದೆರಡು ಸಾಟಾ ಪೋರ್ಟು ಕೆಲಸ ನಿಲ್ಲಿಸುತ್ತವೆ. ಯಾವುವೆಂಬುದು ಕೈಪಿಡಿಯಲ್ಲಿರುತ್ತದೆ.

ಈಗ ವಿಂಡೋಸ್ ಡಿಸ್ಕಿನ ಡೇಟಾ ಕೇಬಲನ್ನು ಕಳಚಿ. ಯಾವ ಪೋರ್ಟಿನಲ್ಲಿತ್ತೆಂದು ಫೋಟೋ ತೆಗೆದಿಟ್ಟುಕೊಳ್ಳಿ. ವಿಂಡೋಸ್ ಎಂ.2ನಲ್ಲಿದ್ದರೆ ಸ್ಕ್ರೂ ಬಿಚ್ಚಿ ಅದನ್ನೇ ಹೊರಗೆ ತೆಗೆದಿಡಿ. ಫೋಟೋ, ದಾಖಲೆ ತುಂಬಿದ ಬೇರೆ ಹಾರ್ಡ್ ಡಿಸ್ಕಿದ್ದರೆ ಅದರದೂ ಕೇಬಲ್ ಕಳಚಿ. ಯಂತ್ರದಲ್ಲಿ ಹೊಸ ಎಸ್‌ಎಸ್‌ಡಿ ಒಂದೇ ಉಳಿಯಬೇಕು.

ಬಯೋಸ್

ಆನ್ ಮಾಡಿದೊಡನೆ ಡಿಲೀಟ್ ಕೀ ಒತ್ತುತ್ತಾ ಒಳಗೆ ಹೋಗಿ. ಸಾಟಾ ಮೋಡ್ ಎಎಚ್‌ಸಿಐ ಇರಬೇಕು. ರೇಡ್ ಎಂದಿದ್ದರೆ ಇನ್‌ಸ್ಟಾಲರಿಗೆ ಡಿಸ್ಕು ಕಾಣದೇ ಹೋಗಬಹುದು. ಹಾಗೆಂದು ಏಕಾಏಕಿ ಬದಲಾಯಿಸಿದರೆ ಆಮೇಲೆ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ. ರೇಡ್‌ನಲ್ಲಿದ್ದರೆ ವಿಂಡೋಸ್ ಡಿಸ್ಕಿನ ಕೇಬಲನ್ನು ಮತ್ತೆ ಹಾಕಿ, ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಗುರುತು ಹಾಕಿ, ರೀಸ್ಟಾರ್ಟ್ ಆಗುವಾಗ ಬಯೋಸ್‌ಗೆ ಹೋಗಿ ಎಎಚ್‌ಸಿಐ ಮಾಡಿ, ಸೇಫ್ ಮೋಡ್‌ನಲ್ಲಿ ಒಮ್ಮೆ ವಿಂಡೋಸ್ ತೆರೆದು, ಗುರುತು ತೆಗೆದು, ಆಮೇಲೆ ಕೇಬಲ್ ಕಳಚಿ.

ಬಯೋಸ್‌ನ ಫಾಸ್ಟ್ ಬೂಟ್ ಆಫ್ ಮಾಡಿ. ಅದು ಇದ್ದರೆ ಕೆಲವು ಬೋರ್ಡುಗಳು ಯುಎಸ್‌ಬಿ ಕೀಬೋರ್ಡನ್ನು ಸಮಯಕ್ಕೆ ಎಬ್ಬಿಸುವುದಿಲ್ಲ. ಸೆಕ್ಯೂರ್ ಬೂಟ್ ಆನ್ ಇದ್ದರೂ ಮಿಂಟ್ ಓಡುತ್ತದೆ. ಎನ್‌ವಿಡಿಯಾ ಕಾರ್ಡು ಇದ್ದರೆ ಮಾತ್ರ ತಾಪತ್ರಯ: ಡ್ರೈವರ್ ಹಾಕಿದ ಮೇಲೆ ರೀಸ್ಟಾರ್ಟಿನಲ್ಲಿ ನೀಲಿ ಪರದೆಯೊಂದು ಬಂದು ‘ಎನ್‌ರೋಲ್ ಎಂಒಕೆ’ ಎನ್ನುತ್ತದೆ. ಅದನ್ನು ಆರಿಸಿ, ಮೊದಲು ಕೊಟ್ಟ ಪಾಸ್‌ವರ್ಡ್ ಹೊಡೆಯಬೇಕು. ಆ ಕ್ಷಣ ತಪ್ಪಿದರೆ ಡ್ರೈವರ್ ಲೋಡ್ ಆಗುವುದಿಲ್ಲ. ಮನೆಯ ಪಿಸಿಯಲ್ಲಿ, ಎನ್‌ವಿಡಿಯಾ ಇದ್ದರೆ, ಸೆಕ್ಯೂರ್ ಬೂಟ್ ಆಫ್ ಮಾಡುವುದೇ ಸರಳ.

ಸೇವ್ ಮಾಡಿ ಬೂಟ್ ಮೆನುಗೆ ಹೋಗಿ. ಸಾಮಾನ್ಯವಾಗಿ ಗಿಗಾಬೈಟ್ ಬೋರ್ಡಿಗೆ ಎಫ್12, ಏಸಸ್‌ಗೆ ಎಫ್8, ಎಂಎಸ್‌ಐ ಮತ್ತು ಎಎಸ್‌ರಾಕ್‌ಗೆ ಎಫ್11. ಪೆನ್ ಡ್ರೈವ್ ಹೆಸರು ಎರಡು ಸಲ ಕಂಡರೆ ‘ಯುಇಎಫ್‌ಐ’ ಎಂದು ಮುಂದೆ ಬರೆದಿರುವುದನ್ನೇ ಆರಿಸಿ. ಇನ್ನೊಂದು ಲೆಗಸಿ, ಅಂದರೆ ಹಳೆಯ ಬಯೋಸ್ ದಾರಿ. ಅದರಲ್ಲಿ ಹಾಕಿದ ಲಿನಕ್ಸನ್ನು ಯುಇಎಫ್‌ಐಗೆ ತರುವುದು ಆಮೇಲೆ ತಲೆನೋವು.

ಇನ್‌ಸ್ಟಾಲ್‌ಗೆ ಮುಂಚೆ ಅರ್ಧ ಗಂಟೆ

ಪೆನ್ ಡ್ರೈವಿನಿಂದಲೇ ಮಿಂಟ್ ಪೂರ್ತಿ ತೆರೆದುಕೊಳ್ಳುತ್ತದೆ. ಪರದೆ ಕಪ್ಪಾಗಿಯೇ ಉಳಿದರೆ ಮತ್ತೆ ಬೂಟ್ ಮಾಡಿ ‘ಕಂಪ್ಯಾಟಿಬಿಲಿಟಿ ಮೋಡ್’ ಆರಿಸಿ. ತೆರೆದ ಮೇಲೆ ನೇರ ಇನ್‌ಸ್ಟಾಲ್ ಐಕಾನ್ ಒತ್ತಬೇಡಿ. ಹಾಡು ಹಾಕಿ ನೋಡಿ, ವೈಫೈ ಸೇರಿಸಿ ನೋಡಿ, ಪ್ರಿಂಟರ್ ಜೋಡಿಸಿ ಒಂದು ಪುಟ ತೆಗೆಯಿರಿ. ಕೆಲವು ರಿಯಲ್‌ಟೆಕ್ ಚಿಪ್ಪಿನ ಯುಎಸ್‌ಬಿ ವೈಫೈ ಡಾಂಗಲ್‌ಗಳಿಗೆ ಡ್ರೈವರ್ ಸಿದ್ಧವಿರುವುದಿಲ್ಲ. ಆಗ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಸೇರಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಇಂಟರ್ನೆಟ್ ಬರುತ್ತದೆ. ಪ್ರಿಂಟರ್‌ಗಳಲ್ಲಿ ನಮ್ಮೂರ ಸೈಬರ್ ಸೆಂಟರ್‌ಗಳಲ್ಲೆಲ್ಲ ಕಾಣುವ ಕ್ಯಾನನ್ ಎಲ್‌ಬಿಪಿ 2900 ಕ್ಯಾಪ್ಟ್ ಎಂಬ ಬೇರೆಯೇ ಭಾಷೆ ಮಾತಾಡುತ್ತದೆ. ಲಿನಕ್ಸ್‌ನಲ್ಲಿ ಅದನ್ನು ಒಲಿಸಿಕೊಳ್ಳುವುದು ಕಷ್ಟ. ಟ್ಯಾಲಿಯನ್ನೂ ವಿಂಡೋಸ್‌ಗೆಂದೇ ಮಾಡಿದ್ದಾರೆ. ಇವೆರಡರ ಕೆಲಸ ಇರುವವರು ವಿಂಡೋಸ್ ಡಿಸ್ಕನ್ನು ಅಳಿಸದೆ ಉಳಿಸಿಕೊಳ್ಳುವುದೇ ಸರಿ.

ಇನ್‌ಸ್ಟಾಲ್

ಕರೆಂಟು ನೆಚ್ಚಿಕೊಳ್ಳುವ ಹಾಗಿಲ್ಲದಿದ್ದರೆ ಯುಪಿಎಸ್‌ಗೆ ಸೇರಿಸಿಯೇ ಶುರು ಮಾಡಿ. ಭಾಷೆ ಇಂಗ್ಲಿಷ್ ಇರಲಿ. ಕನ್ನಡದ ಮೇಲಿನ ಅಕ್ಕರೆ ಕಡಿಮೆಯಾಗಿ ಹೇಳುತ್ತಿಲ್ಲ: ಮೆನುಗಳ ಅನುವಾದ ಅರ್ಧಂಬರ್ಧ ಇದೆ, ದೋಷದ ಸಂದೇಶಕ್ಕೆ ಪರಿಹಾರ ಹುಡುಕುವಾಗ ಇಂಗ್ಲಿಷ್ ಸಾಲೇ ಬೇಕಾಗುತ್ತದೆ. ಕನ್ನಡ ಬರೆಯಲು ಇದರಿಂದ ಏನೂ ಅಡ್ಡಿಯಿಲ್ಲ. ಮಲ್ಟಿಮೀಡಿಯಾ ಕೋಡೆಕ್‌ಗಳಿಗೆ ಗುರುತು ಹಾಕಿ.

ಮುಂದಿನ ಪುಟದಲ್ಲಿ ‘ಇರೇಸ್ ಡಿಸ್ಕ್’. ಬೇರೆಯವರಿಗೆ ಎದೆ ನಡುಗಿಸುವ ಸಾಲು ಇದು. ಒಂದೇ ಡಿಸ್ಕಿರುವ ನಿಮಗೆ ಹೆದರಿಕೆಯಿಲ್ಲ. ಡಿಸ್ಕಿನ ಹೆಸರು, ಅಳತೆ ನಿಮ್ಮ ಎಸ್‌ಎಸ್‌ಡಿಯದೇ ಎಂದು ಓದಿ, ಮುಂದುವರಿಯಿರಿ. ಇಎಫ್‌ಐ ವಿಭಾಗ, ಎಕ್ಸ್‌ಟಿ4 ವಿಭಾಗ, ಸ್ವಾಪ್ ಫೈಲು ಎಲ್ಲವನ್ನೂ ಅದೇ ಮಾಡಿಕೊಳ್ಳುತ್ತದೆ. ಸಮಯ ವಲಯ ಕೋಲ್ಕತಾ. ಬಳಕೆದಾರ ಹೆಸರು ಇಂಗ್ಲಿಷ್ ಸಣ್ಣಕ್ಷರದಲ್ಲಿ, ಜಾಗ ಬಿಡದೆ. ಮುಗಿದ ಮೇಲೆ ಹೇಳಿದಾಗ ಪೆನ್ ಡ್ರೈವ್ ಕಿತ್ತು ಎಂಟರ್ ಒತ್ತಿ.

ಲಿನಕ್ಸ್ ತಾನಾಗಿ ಒಮ್ಮೆ ಬೂಟ್ ಆದದ್ದನ್ನು ನೋಡಿದ ಮೇಲೆಯೇ ಪಿಸಿ ಆಫ್ ಮಾಡಿ, ಪವರ್ ಕಾರ್ಡ್ ಕಿತ್ತು, ಫೋಟೋ ನೋಡಿಕೊಂಡು ಹಳೆಯ ಕೇಬಲ್‌ಗಳನ್ನು ಆಯಾ ಪೋರ್ಟಿಗೆ ಹಾಕಿ. ಬಯೋಸ್‌ನಲ್ಲಿ ಲಿನಕ್ಸ್ ಎಸ್‌ಎಸ್‌ಡಿಯನ್ನು ಮೊದಲ ಸ್ಥಾನಕ್ಕೆ ತನ್ನಿ. ವಿಂಡೋಸ್ ಬೇಕಾದ ದಿನ ಬೂಟ್ ಮೆನುವಿನಿಂದ ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಿದರಾಯಿತು. ಲಿನಕ್ಸ್ ಹೆಸರು ಪಟ್ಟಿಯಿಂದ ಮಾಯವಾದರೆ ಅದೇ ಪೆನ್ ಡ್ರೈವಿನಿಂದ ಬೂಟ್ ಮಾಡಿ ಮೆನುವಿನಲ್ಲಿರುವ ಬೂಟ್ ರಿಪೇರ್ ಓಡಿಸಿ. ಆಗಲೂ ವಿಂಡೋಸ್ ಡಿಸ್ಕಿನ ಕೇಬಲ್ ಬಿಚ್ಚಿರಲಿ.

ಮೊದಲ ದಿನದ ಕೆಲಸ

ಅಪ್‌ಡೇಟ್ ಮ್ಯಾನೇಜರ್ ತೆರೆದು ಹತ್ತಿರದ ಮಿರರ್ (ಅಪ್‌ಡೇಟ್ ಇಳಿಸಿಕೊಳ್ಳುವ ಸರ್ವರ್) ಆರಿಸಿ, ಎಲ್ಲ ಅಪ್‌ಡೇಟ್ ಹಾಕಿ. ಆಮೇಲೆ ಡ್ರೈವರ್ ಮ್ಯಾನೇಜರ್. ಜಿಟಿ 710ನಂಥ ಕೆಪ್ಲರ್ ತಲೆಮಾರಿನ ಕಾರ್ಡುಗಳಿಗೆ ಎನ್‌ವಿಡಿಯಾದ 470 ಸರಣಿಯೇ ಕೊನೆ. ಅದಕ್ಕಿಂತ ದೊಡ್ಡ ಅಂಕಿ ಒಳ್ಳೆಯದೆಂದು ಒತ್ತಬೇಡಿ. ಸಿನಿಮಾ, ಬ್ರೌಸರ್, ಕಚೇರಿ ಕೆಲಸಕ್ಕಷ್ಟೇ ಆದರೆ ತಾನಾಗಿ ಬರುವ ನೂವೋ ಡ್ರೈವರ್ ಸಾಕು.

ಎರಡೂ ಸಿಸ್ಟಮ್ ಬಳಸುವಾಗ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದಿರುತ್ತದೆ. ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಬರೆಯುತ್ತದೆ, ವಿಂಡೋಸ್ ಅದನ್ನೇ ಭಾರತೀಯ ಸಮಯವೆಂದು ಓದುತ್ತದೆ. ಟರ್ಮಿನಲ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಆಜ್ಞೆ, ಜಾಗ ಬಿಟ್ಟು ‘ಸೆಟ್-ಲೋಕಲ್-ಆರ್‌ಟಿಸಿ’, ಮತ್ತೆ ಜಾಗ ಬಿಟ್ಟು 1 ಎಂದು ಇಂಗ್ಲಿಷ್ ಸಣ್ಣಕ್ಷರದಲ್ಲಿ ಕೊಟ್ಟರೆ ಲಿನಕ್ಸೂ ಸ್ಥಳೀಯ ಸಮಯ ಬರೆಯುತ್ತದೆ.

ಕನ್ನಡಕ್ಕೆ, ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ‘ಐಬಸ್-ಎಂ17ಎನ್’ ಹುಡುಕಿ ಹಾಕಿ. ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಸೇರಿಸಿ. ನುಡಿಯಲ್ಲಿ ಬೆರಳು ಪಳಗಿದವರಿಗೆ ಅದೇ ಕಗಪ ವಿನ್ಯಾಸ. ಇನ್‌ಸ್ಕ್ರಿಪ್ಟ್ ಕೂಡ ಅಲ್ಲೇ ಇದೆ. ಹಳೆಯ ನುಡಿ, ಬರಹ ಫೈಲುಗಳು ಲಿಬ್ರೆಆಫೀಸಿನಲ್ಲಿ ಗೀಚಿದಂತೆ ಕಂಡರೆ ಫೈಲು ಕೆಟ್ಟಿದೆಯೆಂದಲ್ಲ. ಅವು ಯೂನಿಕೋಡ್ ಅಲ್ಲದ ಫಾಂಟಿನಲ್ಲಿವೆ. ವಿಂಡೋಸ್ ಡಿಸ್ಕು ಇರುವಾಗಲೇ ಅವನ್ನು ಯೂನಿಕೋಡಿಗೆ ಬದಲಾಯಿಸಿಟ್ಟುಕೊಳ್ಳಿ.

ಎಲ್ಲ ಸರಿಯಿರುವ ಈ ಹೊತ್ತಿನಲ್ಲೇ ಟೈಮ್‌ಶಿಫ್ಟ್ ತೆರೆದು ಆರ್‌ಸಿಂಕ್ ವಿಧಾನದಲ್ಲಿ ಒಂದು ಸ್ನ್ಯಾಪ್‌ಶಾಟ್ (ಸಿಸ್ಟಮ್ ಫೈಲುಗಳ ಪ್ರತಿ) ತೆಗೆಯಿರಿ. ಅದನ್ನು ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ ಇಡಲಾಗದು, ಎಕ್ಸ್‌ಟಿ4ನಂಥ ಲಿನಕ್ಸ್ ವಿಭಾಗವೇ ಬೇಕು. ನಿಮ್ಮ ಫೋಟೋ, ಕಡತಗಳು ಅದರಲ್ಲಿ ಸೇರುವುದಿಲ್ಲ. ಅವುಗಳ ಬ್ಯಾಕಪ್ ಬೇರೆಯೇ ಇರಬೇಕು.