ಬಿಜೆಪಿ ಟಿಕೆಟ್ ಜಗಳದ ಹಿಂದಿನ ದುಡ್ಡಿನ ದಾರಿ ಹುಡುಕೋದು ಹೆಂಗೆ: ಮೈಸೂರು ಮಂಡ್ಯದವರಿಗೆ

ಟಿಕೆಟ್ ಅನೌನ್ಸ್ ಆದ ದಿನ ಟೀ ಅಂಗಡಿಲಿ ಎಲ್ರದ್ದೂ ಒಂದೇ ಡೈಲಾಗು, "ಬಿಡು ಗುರು, ಇಷ್ಟು ಕೋಟಿ ಸುರಿದವ್ನೆ". ಯಾರಿಗೆ ಕೊಟ್ಟ, ಯಾವಾಗ ಕೊಟ್ಟ ಅಂತ ಕೇಳಿ ನೋಡಿ, ಮಾತು ಕ್ರಿಕೆಟ್ ಕಡೆ ತಿರುಗುತ್ತೆ. ಅಂಥ ಮಾತನ್ನ ಸುಳ್ಳು ಅಂತ ನಾನು ಹೇಳಲ್ಲ, ನಿಜ ಅಂತಾನೂ ಹೇಳಲ್ಲ, ಪ್ರೂವ್ ಮಾಡಕ್ಕಾಗಲ್ಲ ಅಷ್ಟೇ. ಆದ್ರೆ ಸರ್ಕಾರದ ಕಾಗದದಲ್ಲೇ ಸಿಗೋ ಒಂದಷ್ಟು ಲೆಕ್ಕ ಇದೆ, ಅದನ್ನ ಸರಿಯಾಗಿ ಓದಿದ್ರೆ ಪಕ್ಷದೊಳಗೆ ಯಾರ ಕೈ ಮೇಲಿದೆ ಅಂತ ಸುಮಾರಾಗಿ ಗೊತ್ತಾಗುತ್ತೆ. ಇಲ್ಲಿ ಬಿಜೆಪಿನೇ ಉದಾಹರಣೆ ತಗೊಂಡಿದೀನಿ, ಯಾಕಂದ್ರೆ ಹಳೇ ಮೈಸೂರು ಕಡೆ ಮೂಲ ಕಾರ್ಯಕರ್ತರು ವರ್ಸಸ್ ಹೊರಗಿಂದ ಬಂದವರು ಅನ್ನೋ ಜಗಳ ಜಾಸ್ತಿ ಇರೋದು ಅಲ್ಲೇ. ಇದೇ ಕಾಗದಗಳು ಕಾಂಗ್ರೆಸ್ಸು ಜೆಡಿಎಸ್ಸಿಗೂ ಇದಾವೆ, ಓದೋ ರೀತಿನೂ ಅದೇ.

ಮೊದಲು ಒಂದು ವಿಷ್ಯ ತಲೇಲಿ ಇಟ್ಕೊಳಿ. ದುಡ್ಡು ಎಷ್ಟು ಅನ್ನೋದಕ್ಕಿಂತ ಯಾರ ಕೈಯಿಂದ ಇಳೀತು ಅನ್ನೋದು ಮುಖ್ಯ. ಮಂಡ್ಯದವರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ, ಕೆಆರ್‌ಎಸ್‌ನಲ್ಲಿ ನೀರು ಎಷ್ಟೇ ತುಂಬಿರ್ಲಿ, ವಿಸಿ ನಾಲೆ ಟೇಲೆಂಡಿನ ಗದ್ದೆಯವನು ನೋಡೋದು ತೂಬು ಯಾರ ಕೈಲಿದೆ ಅಂತ ತಾನೆ.

ಬಿಜೆಪಿಗೆ 2023-24ರಲ್ಲಿ ಬಂದ ಆದಾಯ ಅವರೇ ಕೊಟ್ಟ ಲೆಕ್ಕದ ಪ್ರಕಾರ 4,340 ಕೋಟಿ ಚಿಲ್ಲರೆ, ಅದೇ ವರ್ಷ ಕಾಂಗ್ರೆಸ್ಸಿಂದು 1,225 ಕೋಟಿ. ದುಡ್ಡು ಹೀಗೆ ಮೇಲೇನೇ ತುಂಬಿಕೊಂಡಿರೋ ಪಕ್ಷದಲ್ಲಿ ಜಿಲ್ಲೆ ಲೀಡರ್ರು ಎಷ್ಟೇ ಗುಡುಗಿದ್ರೂ ಕೊನೆಗೆ ದೆಲ್ಲಿ ಕಡೆನೇ ಮುಖ ಮಾಡ್ಬೇಕು, ಯಾಕಂದ್ರೆ ಟಿಕೆಟ್ ಕೊಡೋ ಕೇಂದ್ರ ಚುನಾವಣಾ ಸಮಿತಿನೂ ಅಲ್ಲೇ, ತಿಜೋರಿನೂ ಅಲ್ಲೇ. ಪಕ್ಷಗಳಿಗೆ ದೇಣಿಗೆ ಕೊಡಕ್ಕೆ ಇದ್ದ ಚುನಾವಣಾ ಬಾಂಡ್ ಲಿಸ್ಟಲ್ಲಿ ನಮ್ಮೂರ ಬಣದ ಹೆಸರು ಹುಡುಕಕ್ಕೆ ಹೋಗ್ಬೇಡಿ. ಸುಪ್ರೀಂ ಕೋರ್ಟು 2024ರ ಫೆಬ್ರವರಿ 15ಕ್ಕೆ ಬಾಂಡ್ ಸ್ಕೀಮನ್ನೇ ರದ್ದು ಮಾಡ್ತು, ಮಾರ್ಚಲ್ಲಿ ಲಿಸ್ಟು ಹೊರಗೆ ಬಂತು, ಬಿಜೆಪಿ ಹೆಸರಲ್ಲಿ ಸುಮಾರು 6,060 ಕೋಟಿ ಇತ್ತು. ಆದ್ರೆ ಅದ್ರಲ್ಲಿ ಕೊಟ್ಟ ಕಂಪನಿ ಮತ್ತೆ ಪಕ್ಷ ಅಷ್ಟೇ ಇರೋದು, ಪಕ್ಷದ ಖಾತೆಗೆ ಬಿದ್ದ ಮೇಲೆ ಯಾವ ಜಿಲ್ಲೆಗೆ, ಯಾರ ಶಿಷ್ಯನಿಗೆ ಹೋಯ್ತು ಅನ್ನೋದು ಇಲ್ಲ. ನಮಗೆ ಬೇಕಾಗಿರೋದು ಆ ಕೊನೇ ಭಾಗ.

ಅದಕ್ಕೆ ಸೀದಾ ಅಭ್ಯರ್ಥಿಯ ಖರ್ಚಿನ ಲೆಕ್ಕಕ್ಕೆ ಬನ್ನಿ. ರಿಸಲ್ಟ್ ಬಂದ 30 ದಿನದೊಳಗೆ ಗೆದ್ದವನು ಸೋತವನು ಎಲ್ಲಾರೂ ಜಿಲ್ಲಾ ಚುನಾವಣಾಧಿಕಾರಿಗೆ, ಅಂದ್ರೆ ಡೀಸಿಗೆ, ಲೆಕ್ಕ ಕೊಡ್ಬೇಕು, ಕಾರಣ ಇಲ್ಲದೆ ಕೊಡ್ಲಿಲ್ಲ ಅಂದ್ರೆ ಚುನಾವಣಾ ಆಯೋಗ 3 ವರ್ಷ ಅನರ್ಹ ಮಾಡ್ಬಹುದು. ನಮ್ಮ ರಾಜ್ಯದಲ್ಲಿ ಮಿತಿ ಅಸೆಂಬ್ಲಿಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ, ಇದು 2022ರಿಂದ ಇರೋದು. ಟೋಟಲ್ ನೋಡಿ ನಗ್ತೀರ, ನಗಿ ಪರವಾಗಿಲ್ಲ, ಒಂದು ಹೋಬಳಿ ಬಾಡೂಟದ ಖರ್ಚು ಇಡೀ ಕ್ಷೇತ್ರದ ಲೆಕ್ಕ ಅಂತ ಬರೆದಂಗೆ ಕಾಣುತ್ತೆ. ಟೋಟಲ್ ಬಿಟ್ಟಾಕಿ ಕೊನೇ ಶೆಡ್ಯೂಲುಗಳಿಗೆ, ಅಂದ್ರೆ ಲೆಕ್ಕದ ಜೊತೆಗಿರೋ ಪಟ್ಟಿಗಳಿಗೆ, ಹೋಗಿ. 7ನೇದ್ರಲ್ಲಿ ಸ್ವಂತ ದುಡ್ಡು, 8ರಲ್ಲಿ ಪಕ್ಷ ಕೊಟ್ಟಿದ್ದು, 9ರಲ್ಲಿ ಬೇರೆ ವ್ಯಕ್ತಿ ಇಲ್ಲಾ ಕಂಪನಿಯಿಂದ ಸಾಲ, ಗಿಫ್ಟು, ದೇಣಿಗೆ ಅಂತ ಬಂದಿದ್ದು. ನಮಗೆ ಬೇಕಾಗಿರೋದು ಈ ಮೂರೇ.

ನಾನು ನೋಡೋ ರೀತಿ ಏನಂದ್ರೆ, 8ನೇ ಶೆಡ್ಯೂಲು ದಪ್ಪ ಇದ್ದು 7 ತೆಳ್ಳಗಿದ್ರೆ ಅವ್ನು ಸಂಘಟನೆಯಿಂದ ಬಂದವನು, ಪಕ್ಷ ಕೈ ಬಿಟ್ರೆ ನಿಲ್ಲೋದು ಕಷ್ಟ, ಹಂಗಾಗಿ ಗೆದ್ದ ಮೇಲೂ ಬಾಲ ಬಿಚ್ಚಲ್ಲ. 7 ದಪ್ಪ ಇದ್ದು ಪಕ್ಷದಿಂದ ಬಂದಿದ್ದು ಹೆಸರಿಗಷ್ಟೇ ಇದ್ರೆ ಅವ್ನು ನಾಳೆ ಬೇರೆ ಬಾವುಟ ಹಿಡಿದ್ರೂ ಲಾಸ್ ಇಲ್ಲ, ಹೈಕಮಾಂಡಿಗೂ ಅವನ ಹತ್ರ ಮಾತಾಡುವಾಗ ಸ್ವಲ್ಪ ಮೆತ್ತಗಿರ್ಬೇಕಾಗುತ್ತೆ. 9ರಲ್ಲಿ ಒಂದೇ ಹೆಸರು ಪದೇ ಪದೇ ಬಂದ್ರೆ ಆ ಹೆಸರು ಗುರುತು ಹಾಕ್ಕೊಳಿ, ಮುಂದೆ ನಿಗಮ ಮಂಡಳಿ ಲಿಸ್ಟು ಬಂದಾಗ ಹೋಲಿಸಿ ನೋಡಿ. ತಾರೀಖೂ ನೋಡಿ, ಇದನ್ನ ತುಂಬಾ ಜನ ಬಿಡ್ತಾರೆ. ಬಿ ಫಾರಂ, ಅಂದ್ರೆ ಪಕ್ಷದ ಅಧಿಕೃತ ಅಭ್ಯರ್ಥಿ ಅನ್ನೋ ಕಾಗದ, ಸಿಕ್ಕಿದ ವಾರದಲ್ಲೇ ಪಕ್ಷದ ದುಡ್ಡು ಬಂದಿದೆ ಅಂದ್ರೆ ಮೇಲಿನವರಿಗೆ ಆ ಸೀಟು ಬೇಕಿತ್ತು ಅಂತ, ಪೋಲಿಂಗ್ ಹತ್ರ ಬಂದ್ಮೇಲೆ ಚೂರು ಬಂದಿದ್ರೆ ಹೆಸರಿಗೆ ನಿಲ್ಲಿಸಿದ್ದು ಅಂತ ಅನುಮಾನ ಪಡ್ಬಹುದು. ಅನುಮಾನ ಅಷ್ಟೇ, ಇದನ್ನೇ ಸಾಕ್ಷಿ ಮಾಡ್ಕೊಂಡು ಯಾರ ಮೇಲೂ ಬೀಳ್ಬೇಡಿ.

ಇನ್ನೊಂದು ಕಾಗದ ಪಕ್ಷದ್ದು. ಅಸೆಂಬ್ಲಿ ಎಲೆಕ್ಷನ್ ಮುಗಿದು 75 ದಿನ, ಲೋಕಸಭೆ ಆದ್ರೆ 90 ದಿನದೊಳಗೆ ಪಕ್ಷ ಆಯೋಗಕ್ಕೆ ತನ್ನ ಖರ್ಚು ಕೊಡುತ್ತೆ, ಅದು ಆಯೋಗದ ವೆಬ್‌ಸೈಟಲ್ಲೇ ಇರುತ್ತೆ. ಅದ್ರಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಕೊಟ್ವಿ ಅಂತ ಹೆಸರು ಸಮೇತ ಪಟ್ಟಿ ಇರುತ್ತೆ, ಕೇಂದ್ರ ಕಚೇರಿ ಲೆಕ್ಕ ಬೇರೆ, ರಾಜ್ಯ ಘಟಕದ ಲೆಕ್ಕ ಬೇರೆ. ಒಂದೇ ಜಿಲ್ಲೆಯ ಅಭ್ಯರ್ಥಿಗಳನ್ನ ಪಕ್ಕಪಕ್ಕ ಬರ್ಕೊಳಿ, ಎಲ್ರಿಗೂ ಸಮ ಹಂಚಿದ್ದಾರಾ, ಒಬ್ಬನಿಗೆ ಜಾಸ್ತಿ ಇನ್ನೊಬ್ಬನಿಗೆ ಸೊನ್ನೆನಾ, ಆಮೇಲೆ ಅಭ್ಯರ್ಥಿಯ 8ನೇ ಶೆಡ್ಯೂಲಿಗೂ ಇದಕ್ಕೂ ತಾಳೆ ಆಗುತ್ತಾ ನೋಡಿ. ತಾಳೆ ಆಗ್ಲಿಲ್ಲ ಅಂದ್ರೆ ಮಜಾ ಅಲ್ಲಿಂದಲೇ ಶುರು.

ಇಲ್ಲೊಂದು ದೊಡ್ಡ ತೂತಿದೆ. ಅಭ್ಯರ್ಥಿಗೆ ಮಿತಿ ಇದೆ, ಪಕ್ಷಕ್ಕೆ ಮಿತಿನೇ ಇಲ್ಲ. ಮಾನ್ಯತೆ ಇರೋ ಪಕ್ಷ 40 ಜನ ಸ್ಟಾರ್ ಪ್ರಚಾರಕರ ಲಿಸ್ಟ್ ಕೊಡ್ಬಹುದು, ಅವರ ಓಡಾಟದ ಖರ್ಚು, ಹೆಲಿಕಾಪ್ಟರ್ ಸಮೇತ, ಅಭ್ಯರ್ಥಿ ತಲೆ ಮೇಲೆ ಬೀಳಲ್ಲ. ಅಭ್ಯರ್ಥಿ ಅವರ ಜೊತೆ ವೇದಿಕೆ ಹತ್ತಿದ್ರೆ ಮಾತ್ರ ಸಭೆ ಖರ್ಚಲ್ಲಿ ಪಾಲು ಬೀಳುತ್ತೆ. ಅಂದ್ರೆ ಯಾರ ಕ್ಷೇತ್ರಕ್ಕೆ ದೊಡ್ಡ ಲೀಡರ್ ಬಂದ್ರು ಯಾರ ಕ್ಷೇತ್ರಕ್ಕೆ ಬರ್ಲಿಲ್ಲ ಅನ್ನೋದೂ ದುಡ್ಡು ಹಂಚಿದಂಗೇ. ಲಿಸ್ಟಲ್ಲಿ ಯಾರ ಹೆಸರು ಬಿಟ್ಟೋಯ್ತು ಅಂತಾನೂ ನೋಡಿ, ಬಣದ ಲೆಕ್ಕ ಅರ್ಧ ಅಲ್ಲೇ ಸಿಗುತ್ತೆ.

ಇನ್ನು ಅಫಿಡವಿಟ್ಟು, ಫಾರಂ 26, ನಾಮಪತ್ರದ ಜೊತೆ ಆಸ್ತಿ ಸಾಲ ಎಲ್ಲಾ ಬರೆದು ಕೊಡೋದು. ಪೇಪರಿನವರು ಒಟ್ಟು ಆಸ್ತಿ ಹೆಡ್‌ಲೈನ್ ಹಾಕಿ ಕೈತೊಳ್ಕೊತಾರೆ, ಆಸ್ತಿ ನೋಡಿ ಮೋಸ ಹೋಗ್ಬೇಡಿ. 2024ರಲ್ಲಿ ಮಂಡ್ಯದಲ್ಲಿ ಕಾಂಗ್ರೆಸ್ಸಿನ ಸ್ಟಾರ್ ಚಂದ್ರು 622 ಕೋಟಿ ಆಸ್ತಿ ತೋರಿಸಿದ್ರು, ಕುಮಾರಸ್ವಾಮಿ ಎದುರು ಭಾರಿ ಅಂತರದಲ್ಲಿ ಸೋತ್ರು. ಪಕ್ಕದ ಮೈಸೂರು-ಕೊಡಗಲ್ಲಿ ಎರಡು ಸಲ ಗೆದ್ದಿದ್ದ ಪ್ರತಾಪ್ ಸಿಂಹ ಅವರನ್ನ ಬಿಟ್ಟು ಬಿಜೆಪಿಯವರು ಯದುವೀರ್ ಒಡೆಯರ್‌ಗೆ ಟಿಕೆಟ್ ಕೊಟ್ರು, ಅವರ ಅಫಿಡವಿಟ್ಟಲ್ಲಿ ಇದ್ದಿದ್ದು 5 ಕೋಟಿ ಹತ್ರ, ಹೆಸರಲ್ಲಿ ಮನೆ ಜಮೀನೂ ಇಲ್ಲ, ಆದ್ರೂ ಗೆದ್ರು. ಅರಮನೆ ಹೆಸರಿಗೆ ಯಾವ ಕಾಲಂನಲ್ಲಿ ಬೆಲೆ ಕಟ್ತೀರ ಹೇಳಿ. ನೀವು ನೋಡ್ಬೇಕಾಗಿರೋದು ಸಾಲದ ಕಾಲಂ. ಬ್ಯಾಂಕ್ ಸಾಲ ಬಿಡಿ, ವ್ಯಕ್ತಿಗಳಿಂದ ತಗೊಂಡ ಸಾಲ, ವ್ಯಕ್ತಿಗಳಿಗೆ ಕೊಟ್ಟ ಸಾಲ. ಪಕ್ಷದವರಿಗೇ ಸಾಲ ಕೊಟ್ಟಿರೋನು ಬಣ ಕಟ್ತಾ ಇದಾನೆ ಅಂತ ಅರ್ಥ ಮಾಡ್ಕೊಬಹುದು. ಹಿಂದಿನ ಎಲೆಕ್ಷನ್ ಅಫಿಡವಿಟ್ಟೂ ಡೌನ್‌ಲೋಡ್ ಮಾಡಿ, ಮೈನೇತಾ ಸೈಟಲ್ಲಿ ಹಳೇವು ಸಿಗ್ತಾವೆ.

ಕಾಗದ ಮುಗೀತು ಅನ್ಕೊಳಿ, ಇನ್ನು ಮನುಷ್ಯರನ್ನ ನೋಡ್ಬೇಕು. ಬಿಜೆಪಿಲಿ ಬೂತು, ಶಕ್ತಿ ಕೇಂದ್ರ, ಮಂಡಲ, ಜಿಲ್ಲೆ ಅಂತ ಮೆಟ್ಟಿಲಿದೆ. ಬೂತ್ ಖರ್ಚು ಅಭ್ಯರ್ಥಿ ಹುಡುಗ್ರ ಕೈಲಿ ಹಂಚ್ತಾರಾ, ಮಂಡಲ ಅಧ್ಯಕ್ಷರ ಕೈಲಾ, ಬೆಂಗಳೂರಿಂದ ಬಂದ ಉಸ್ತುವಾರಿ ಕೈಲಾ, ಇದೊಂದು ಪ್ರಶ್ನೆನ ನಿಮಗೆ ಗೊತ್ತಿರೋ ಪೇಜ್ ಪ್ರಮುಖ್‌ಗೆ, ಅಂದ್ರೆ ವೋಟರ್ ಲಿಸ್ಟಿನ ಒಂದು ಪುಟ ನೋಡ್ಕೊಳೋ ಕಾರ್ಯಕರ್ತನಿಗೆ, ಕೇಳಿ, ಎಲೆಕ್ಷನ್ ಮುಗಿದು ಆರು ತಿಂಗಳಾದ ಮೇಲೆ ಕೇಳಿ, ಆವಾಗ ಬಾಯಿ ಬಿಡ್ತಾರೆ. 2019ರ ಕೆ.ಆರ್.ಪೇಟೆ ಬೈ ಎಲೆಕ್ಷನ್ ನೆನಪಿದ್ಯಲ್ಲ, ಜೆಡಿಎಸ್ ಬಿಟ್ಟು ಬಂದ ನಾರಾಯಣ ಗೌಡ ಅಭ್ಯರ್ಥಿ, ಬಿಜೆಪಿಗೆ ಮಂಡ್ಯ ಜಿಲ್ಲೆಲಿ ಮೊದಲ ಗೆಲುವು. ಆದ್ರೆ ಕ್ರೆಡಿಟ್ ಹೋಗಿದ್ದು ಉಸ್ತುವಾರಿ ನೋಡ್ಕೊಂಡ ವಿಜಯೇಂದ್ರ ಅವರಿಗೆ, ಮುಂದಿನ ವರ್ಷ ರಾಜ್ಯ ಉಪಾಧ್ಯಕ್ಷ, 2023ರ ಕೊನೇಲಿ ರಾಜ್ಯಾಧ್ಯಕ್ಷ. 2018ರಲ್ಲಿ ಇದೇ ಭಾಗದ ವರುಣಾದಲ್ಲಿ ಟಿಕೆಟ್ ಸಿಗದೆ ನಂಜನಗೂಡಲ್ಲಿ ಗಲಾಟೆ ಆಗಿತ್ತಲ್ಲ, ಅದೇ ವ್ಯಕ್ತಿ. ನಾರಾಯಣ ಗೌಡರು 2023ರಲ್ಲಿ ಸೋತ್ರು. ಹಂಗಾಗಿ ಮುಂದಿನ ಬೈ ಎಲೆಕ್ಷನಲ್ಲಿ ಅಭ್ಯರ್ಥಿಗಿಂತ ಮೊದ್ಲು ಉಸ್ತುವಾರಿ ಹೆಸರು ಬರ್ಕೊಳಿ. ಅದೇ 2023ರಲ್ಲಿ ಮೈಸೂರಿನ ಕೃಷ್ಣರಾಜದಲ್ಲಿ ಹಾಲಿ ಶಾಸಕ ರಾಮದಾಸ್ ಬದಲು ನಗರಾಧ್ಯಕ್ಷರಾಗಿದ್ದ ಶ್ರೀವತ್ಸಗೆ ಕೊಟ್ಟು ಗೆದ್ರು, ಅಲ್ಲಿ ಸಂಘಟನೆ ಕೈ ಮೇಲಾಯ್ತು. ಒಂದೇ ಪಕ್ಷ, ಒಂದೇ ಭಾಗ, ಎರಡು ಥರ ಆಟ.

ಅಮೆರಿಕಾದ ರಿಪಬ್ಲಿಕನ್ ಪಕ್ಷದಲ್ಲಿ ಈ ಜಗಳ ಬೀದಿಲೇ ನಡಿಯುತ್ತೆ, ಟಿಕೆಟ್ಟಿಗೇ ಎಲೆಕ್ಷನ್ ಇದೆ, ಪ್ರೈಮರಿ ಅಂತಾರೆ. 2024ರಲ್ಲಿ ಟ್ರಂಪ್ ಎದುರು ನಿಂತ ನಿಕ್ಕಿ ಹೇಲಿಗೆ ಕೋಕ್ ಅನ್ನೋ ಉದ್ಯಮಿ ಕುಟುಂಬದ ಕಡೆಯ ಗುಂಪು ದುಡ್ಡು ಹಾಕ್ತಿತ್ತು, ಸೌತ್ ಕೆರೊಲಿನಾ ಸೋತ ತಕ್ಷಣ ಖರ್ಚು ನಿಲ್ಲಿಸ್ತು, ಅವರು ಮಾರ್ಚ್ ಮೊದಲ ವಾರಕ್ಕೇ ಹಿಂದೆ ಸರಿದ್ರು. ದುಡ್ಡೇ ಎಲ್ಲಾ ಅನ್ನಂಗೂ ಇಲ್ಲ, 2014ರಲ್ಲಿ ಎರಿಕ್ ಕ್ಯಾಂಟರ್ ಅನ್ನೋ ದೊಡ್ಡ ಲೀಡರ್ ಎದುರಾಳಿಗಿಂತ ಎಷ್ಟೋ ಪಟ್ಟು ಸುರಿದು ಡೇವ್ ಬ್ರ್ಯಾಟ್ ಅನ್ನೋ ಮೇಷ್ಟ್ರ ಕೈಲಿ ಸೋತ್ರು. ನಮ್ಮಲ್ಲಿ ಪ್ರೈಮರಿ ಇಲ್ಲ, ಟಿಕೆಟ್ ತಪ್ಪಿದವನಿಗೆ ಸುಮ್ನಿರು, ಪಕ್ಷ ಬಿಡು, ಇಲ್ಲಾ ಬಂಡಾಯ ನಿಲ್ಲು, ಮೂರೇ ದಾರಿ. ಅದ್ರ ಮೇಲೆ ಜಿಲ್ಲಾ, ತಾಲ್ಲೂಕು ಪಂಚಾಯ್ತಿ ಅವಧಿ 2021ರಲ್ಲೇ ಮುಗೀತು, ಮೈಸೂರು ಪಾಲಿಕೆದು 2023ರ ನವೆಂಬರಲ್ಲಿ ಮುಗೀತು, ಎಲೆಕ್ಷನ್ ಟೈಮಿಗೆ ಮಾಡ್ಲಿಲ್ಲ. ಸಣ್ಣ ಮೆಟ್ಟಿಲು ಹಿಂಗೆ ಕಿತ್ತಾಕಿದ್ರೆ ಎಲ್ಲಾ ಆಕಾಂಕ್ಷಿಗಳೂ ಎಂಎಲ್‌ಎ ಟಿಕೆಟ್ಟಿಗೇ ಮುಗಿಬೀಳ್ತಾರೆ, ಕೈಲಿ ದುಡ್ಡಿಲ್ಲದ ಕಾರ್ಯಕರ್ತ ಬೆಳೆಯೋದು ಎಲ್ಲಿಂದ?

ಭಾಷಣದಲ್ಲಿ ಬರೋ ದುಡ್ಡಿನ ಮಾತಿಗೆ ಬೇರೆ ಫೈಲ್ ಇಡಿ. ಸಿಎಂ ಸ್ಥಾನಕ್ಕೆ 2,500 ಕೋಟಿ ಕೇಳಿದ್ರು ಅಂತ ಆಗ ಬಿಜೆಪಿ ಶಾಸಕರಾಗಿದ್ದ ಯತ್ನಾಳ್ 2022ರಲ್ಲಿ ಬಹಿರಂಗವಾಗಿ ಅಂದ್ರು, ಆಮೇಲೆ 2025ರ ಮಾರ್ಚಲ್ಲಿ ಪಕ್ಷ ಅವರನ್ನ 6 ವರ್ಷ ಉಚ್ಚಾಟನೆ ಮಾಡ್ತು. ಇಂಥ ಮಾತಿಂದ ಯಾರು ಯಾರ ಮೇಲೆ ಕತ್ತಿ ಮಸೀತಿದಾರೆ ಅಂತ ಗೊತ್ತಾಗುತ್ತೆ, ದುಡ್ಡು ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ಗೊತ್ತಾಗಲ್ಲ, ಎರಡನ್ನೂ ಕಲಸಬೇಡಿ.

ಕಾಗದ ತರೋದು ಹೆಂಗೆ ಅಂದ್ರೆ, ಮೊದ್ಲು ರಾಜ್ಯ ಮುಖ್ಯ ಚುನಾವಣಾಧಿಕಾರಿ ವೆಬ್‌ಸೈಟಲ್ಲಿ ಹುಡುಕಿ, ಸ್ಕ್ಯಾನ್ ಕಾಪಿ ಇರುತ್ತೆ, ಕೆಲವು ಓದಕ್ಕೇ ಆಗದಷ್ಟು ಮಸಕು. ಆವಾಗ ಡೀಸಿ ಆಫೀಸಿನ ಚುನಾವಣಾ ಶಾಖೆಗೆ ಹೋಗಿ, ನಿಯಮದ ಪ್ರಕಾರ 1 ರೂಪಾಯಿ ಫೀಸ್ ಕಟ್ಟಿ ಯಾರು ಬೇಕಾದ್ರೂ ಲೆಕ್ಕ ನೋಡ್ಬಹುದು, ದೃಢೀಕೃತ ಪ್ರತಿ ಬೇಕಂದ್ರೆ ಅದಕ್ಕೆ ಬೇರೆ ಫೀಸು. ಸಾಹೇಬ್ರು ಮೀಟಿಂಗಲ್ಲಿದಾರೆ ಅಂತ ಸಾಗಹಾಕಿದ್ರೆ ಆರ್‌ಟಿಐ ಹಾಕಿ, ಫೀಸು 10 ರೂಪಾಯಿ. ಪಕ್ಷದ ಆಫೀಸಿಗೆ ಆರ್‌ಟಿಐ ಹಾಕಿ ಪ್ರಯೋಜನ ಇಲ್ಲ, ರಾಷ್ಟ್ರೀಯ ಪಕ್ಷಗಳೂ ಕಾಯ್ದೆ ಅಡಿ ಬರ್ತಾವೆ ಅಂತ ಕೇಂದ್ರ ಮಾಹಿತಿ ಆಯೋಗ 2013ರಲ್ಲೇ ಹೇಳಿದ್ರೂ ಒಂದು ಪಕ್ಷನೂ ಕಿವಿಗೆ ಹಾಕ್ಕೊಂಡಿಲ್ಲ. ಡೀಸಿ ಆಫೀಸಿಗೇ ಹಾಕಿ, ಅರ್ಜಿ ಉದ್ದ ಬರೀಬೇಡಿ, ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಅಂತ ರೂಲ್ಸ್ ಇದೆ, ಅದನ್ನೇ ನೆಪ ಮಾಡಿ ವಾಪಸ್ ಕಳಿಸ್ತಾರೆ. ಕ್ಷೇತ್ರದ ಹೆಸರು, ಎಲೆಕ್ಷನ್ ವರ್ಷ, ಅಭ್ಯರ್ಥಿ ಹೆಸರು, ಶೆಡ್ಯೂಲ್ 7, 8, 9ರ ಪ್ರತಿ, ಇಷ್ಟು ಬರೆದ್ರೆ ಸಾಕು, ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಅರ್ಜಿ.