ಓದುವ ತಿಂಗಳು: ಪುಟದ ಲೆಕ್ಕದಿಂದ ಪಾರ್ಸೆಲ್‌ವರೆಗೆ ನಾನು ಮಾಡುವ ಕ್ರಮ

ಒಂದು ತಿಂಗಳು ಓದಿಗೆಂದೇ ಎತ್ತಿಡುವಾಗ ನಾನು ಪುಸ್ತಕಗಳನ್ನು ಎಣಿಸುವುದಿಲ್ಲ, ಪುಟಗಳನ್ನು ಎಣಿಸುತ್ತೇನೆ. 90 ಪುಟದ ಸಂಕಲನವೂ ಒಂದು ಪುಸ್ತಕ, 600 ಪುಟದ ಕಾದಂಬರಿಯೂ ಒಂದೇ ಪುಸ್ತಕ. ಪುಸ್ತಕಗಳ ಸಂಖ್ಯೆಯೇ ಗುರಿಯಾದರೆ ಕೊನೆಯ ವಾರದಲ್ಲಿ ಕೈ ತೆಳ್ಳಗಿನ ಪುಸ್ತಕಗಳನ್ನೇ ಹುಡುಕುತ್ತದೆ, ದಪ್ಪ ಪುಸ್ತಕ ಮತ್ತೆ ಕಪಾಟಿಗೆ ಹೋಗುತ್ತದೆ.

ಮೊದಲು ಓದಿನ ವೇಗ ಅಳೆಯಬೇಕು. ಹಿಂದಿನ ತಿಂಗಳ ಕೊನೆಯಲ್ಲಿ ಎರಡು ದಿನ 20 ನಿಮಿಷಕ್ಕೆ ಅಲಾರಂ ಇಟ್ಟು ಓದುತ್ತೇನೆ. ಒಂದು ದಿನ ಕಾದಂಬರಿ, ಇನ್ನೊಂದು ದಿನ ವಿಮರ್ಶೆ. ಅಳತೆ ಮೊದಲ ಪುಟದಿಂದ ಬೇಡ. ಪಾತ್ರಗಳ ಹೆಸರು, ಸಂಬಂಧ ತಲೆಯಲ್ಲಿ ಕೂರುವವರೆಗೆ ಓದು ನಿಧಾನವೇ. 30ನೇ ಪುಟ ದಾಟಿದ ಮೇಲೆ ಅಳೆದರೆ ನಿಜವಾದ ವೇಗ ಸಿಗುತ್ತದೆ. ನನಗೆ 20 ನಿಮಿಷಕ್ಕೆ ಕಾದಂಬರಿ 12 ಪುಟ, ವಿಮರ್ಶೆ 7 ಪುಟ ಸಾಗುತ್ತದೆ, ಅಂದರೆ ಗಂಟೆಗೆ 36 ಮತ್ತು 21. ದಿನಕ್ಕೆ 50 ನಿಮಿಷದಂತೆ 30 ದಿನಕ್ಕೆ 25 ಗಂಟೆ. ಅದರಲ್ಲಿ 5 ಗಂಟೆಯನ್ನು ತಪ್ಪಿಹೋಗುವ ದಿನಗಳಿಗೆಂದು ಮೊದಲೇ ಬಿಟ್ಟುಬಿಡುತ್ತೇನೆ. ಉಳಿದ 20ರಲ್ಲಿ ಕಾದಂಬರಿಗೆ 14 ಗಂಟೆ ಕೊಟ್ಟರೆ 504 ಪುಟ, ವಿಮರ್ಶೆಗೆ 6 ಗಂಟೆ ಕೊಟ್ಟರೆ 126 ಪುಟ. ಪಟ್ಟಿ ಇದರೊಳಗೇ ಇರಬೇಕು. ಕವಿತೆಗೆ ಈ ಲೆಕ್ಕ ಒಗ್ಗುವುದಿಲ್ಲ. ದಿನಕ್ಕೆ ಎರಡು ಕವಿತೆ, ಪ್ರತಿಯೊಂದನ್ನೂ ಎರಡು ಸಲ, ಎರಡನೆಯ ಸಲ ಗಟ್ಟಿಯಾಗಿ. ಅದು ಈ 50 ನಿಮಿಷದ ಆಚೆಗೆ.

ಆ ತಿಂಗಳಲ್ಲಿ ಸಾಹಿತ್ಯೋತ್ಸವವೂ ಇದ್ದರೆ ಓದಿನ ಪಟ್ಟಿಯನ್ನು ಕಾರ್ಯಕ್ರಮ ಪಟ್ಟಿ ಕೈಗೆ ಬಂದ ಮೇಲೆಯೇ ಪೂರ್ತಿ ಮಾಡುತ್ತೇನೆ. ದಿನಕ್ಕೆ ಮೂರು ಗೋಷ್ಠಿ ಸಾಕು. ನಾಲ್ಕನೆಯದರಲ್ಲಿ ಕಿವಿ ಕೇಳುತ್ತಿರುತ್ತದೆ, ಮನಸ್ಸು ಹಿಡಿಯುವುದಿಲ್ಲ. ಪ್ರತಿ ಗೋಷ್ಠಿಗೆ ಅಲ್ಲಿ ಮಾತಾಡುವ ಒಬ್ಬರ ಒಂದು ಪುಸ್ತಕವನ್ನಾದರೂ ಮುಂಚೆ ಓದಿಕೊಂಡು ಹೋಗುತ್ತೇನೆ. ಅದು ಅವರ ಹೊಸ ಪುಸ್ತಕವಲ್ಲ, ಹಳೆಯದು. ಹೊಸದರ ಬಗ್ಗೆ ವೇದಿಕೆಯಲ್ಲಿ ಅವರೇ ಹೇಳುತ್ತಾರೆ; ಹಳೆಯದು ನಮಗೆ ಗೊತ್ತಿದ್ದರೆ ಬರವಣಿಗೆ ಎಲ್ಲಿ ತಿರುಗಿತು ಎಂದು ಕೇಳಲು ಬರುತ್ತದೆ. ಪ್ರಶ್ನೆಯನ್ನು ಎರಡೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮೈಕ್ ಕೈಗೆ ಬಂದಾಗ ಪೀಠಿಕೆ ಬೆಳೆದು ಪ್ರಶ್ನೆಯೇ ಕಳೆದುಹೋಗುವುದನ್ನು ಎಲ್ಲ ಗೋಷ್ಠಿಗಳಲ್ಲೂ ಕಾಣಬಹುದು. ಟಿಪ್ಪಣಿಯನ್ನು ನೋಟ್‌ಬುಕ್ಕಿನ ಬಲಪುಟದಲ್ಲಿ ಮಾತ್ರ ಬರೆಯುತ್ತೇನೆ. ಎಡಪುಟ ಅದೇ ರಾತ್ರಿ ತುಂಬಲು ಖಾಲಿ ಇರುತ್ತದೆ. ಎರಡು ದಿನ ಬಿಟ್ಟರೆ ನನ್ನ ಅಕ್ಷರವಿದ್ದರೂ ಅರ್ಥ ಹತ್ತುವುದಿಲ್ಲ.

ಮಳಿಗೆಯಲ್ಲಿ ಕೊಳ್ಳುವಾಗ ಮುಖಪುಟದ ಜೊತೆ ಪುಟಸಂಖ್ಯೆಯನ್ನೂ ನೋಡಬೇಕು. ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ, ಅಂದರೆ ಒಂದು ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚಿದ ಪುಟಗಳ ಕಟ್ಟಿನ ಲೆಕ್ಕದಲ್ಲಿ, ಸಾಮಾನ್ಯವಾಗಿ 16 ಪುಟಕ್ಕೆ ಒಂದು ಫಾರಂ. ಹೊಲಿಗೆಯ ಹೊತ್ತಿಗೆ ಒಂದು ಫಾರಂ ಬಿಟ್ಟುಹೋದರೆ 32ರ ನಂತರ ನೇರ 49 ಬರುತ್ತದೆ. ಎರಡು ಸಲ ಸೇರಿಕೊಂಡರೆ 33ರಿಂದ 48 ಮತ್ತೆ ಬರುತ್ತದೆ. 16, 32, 48, 64 ಹೀಗೆ ಗಡಿಗಳನ್ನಷ್ಟೇ ತಿರುವಿದರೆ ಒಂದು ನಿಮಿಷದ ಕೆಲಸ. ಉಡುಗೊರೆಗೆಂದು ಕೊಂಡ ಪ್ರತಿಯನ್ನಂತೂ ಹೀಗೆ ನೋಡದೆ ಕಳಿಸಲೇಬಾರದು. ಪಡೆದವರು ಸಂಕೋಚದಿಂದ ದೂರುವುದೂ ಇಲ್ಲ.

ಹೆಸರು ಕೊಟ್ಟ ಓದುಗರಲ್ಲಿ ಒಬ್ಬರನ್ನು ಚೀಟಿ ಎತ್ತಿದಂತೆ ಆರಿಸಿ ಒಂದು ಪುಸ್ತಕವನ್ನು ಉಡುಗೊರೆಯಾಗಿ ಕಳಿಸುತ್ತೇನೆ. ಅದು ನಾನು ಓದಿ ಮುಗಿಸಿದ ಪುಸ್ತಕವೇ ಆಗಿರಬೇಕು, ಪ್ರತಿ ಮಾತ್ರ ಹೊಸದು. ಯುನೆಸ್ಕೊ 1995ರಲ್ಲಿ ಗೊತ್ತುಮಾಡಿದ ವಿಶ್ವ ಪುಸ್ತಕ ದಿನ ಏಪ್ರಿಲ್ 23. ಆ ದಿನಕ್ಕೆ ಪುಸ್ತಕ ಕೈಸೇರಬೇಕೆಂದರೆ ಹೆಸರು ಕೊಡುವ ಗಡುವು 10ನೇ ತಾರೀಖಿಗೇ ಮುಗಿಯಬೇಕು. ಪ್ರಕಟಣೆಯಲ್ಲಿ ಗಡುವಿನ ದಿನ, ಗಂಟೆ, ಎಲ್ಲಿಯವರೆಗೆ ಕಳಿಸಿಕೊಡುತ್ತೇನೆ, ಗೆದ್ದವರು ಎಷ್ಟು ದಿನದೊಳಗೆ ಉತ್ತರಿಸಬೇಕು, ಈ ನಾಲ್ಕೂ ಇದ್ದರೆ ಜಗಳವಿಲ್ಲ. ಯಾವ ಆವೃತ್ತಿ ಎಂಬ ಗೊಂದಲ ತಪ್ಪಿಸಲು ಪ್ರತಿ ಆವೃತ್ತಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಹಾಕುತ್ತೇನೆ; 2007ರಿಂದ ಅದು 13 ಅಂಕಿಯದು.

ಆಯ್ಕೆಯಲ್ಲಿ ಒಂದು ಬಲೆ ಇದೆ. ಸ್ಪ್ರೆಡ್‌ಶೀಟಿನಲ್ಲಿ ಹೆಸರುಗಳಿಗೆ ಕ್ರಮಸಂಖ್ಯೆ ಕೊಟ್ಟು, ಯಾವುದೋ ಒಂದು ಸಂಖ್ಯೆಯನ್ನು ತಾನೇ ಆರಿಸುವ ರ್‍ಯಾಂಡ್‌ಬಿಟ್ವೀನ್ ಸೂತ್ರ ಹಾಕಿದರೆ, ಹಾಳೆಯಲ್ಲಿ ಏನನ್ನು ತಿದ್ದಿದರೂ ಸಂಖ್ಯೆ ಬದಲಾಗುತ್ತದೆ. ಬಂದ ಮೊದಲ ಸಂಖ್ಯೆಯನ್ನು ತಕ್ಷಣ ಬರೆದುಕೊಂಡು ಅದಕ್ಕೇ ಬದ್ಧವಾಗಿರಬೇಕು. ಎರಡು ಸಲ ಬಂದ ಹೆಸರುಗಳನ್ನು ಸೂತ್ರ ಹಾಕುವ ಮುಂಚೆಯೇ ತೆಗೆಯಬೇಕು. ಒಬ್ಬರ ಬದಲು ಮೂವರನ್ನು ಆರಿಸುತ್ತೇನೆ: ಒಬ್ಬರು ಗೆದ್ದವರು, ಅವರು ಉತ್ತರಿಸದಿದ್ದರೆ ಬದಲಿಗೆಂದು ಇನ್ನಿಬ್ಬರು. ವಿಳಾಸ ಕೇಳುವುದು ಗೆದ್ದವರನ್ನು ಮಾತ್ರ, ಅದೂ ಖಾಸಗಿಯಾಗಿ. ಪುಸ್ತಕ ತಲುಪಿದ ದಿನ ಅಳಿಸಿಬಿಡುತ್ತೇನೆ.

ಅಂಚೆಗೆ ಹೋಗುವ ಮೊದಲೇ ತೂಕ ಅಂದಾಜು ಮಾಡಬಹುದು. ಡೆಮಿ 1/8 ಆಕಾರದ ಪುಸ್ತಕ ಸುಮಾರು 14 x 21.5 ಸೆಂ.ಮೀ. 200 ಪುಟವೆಂದರೆ 100 ಹಾಳೆ; 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದವಾದರೆ ಹಾಳೆಗೆ ಎರಡು ಗ್ರಾಂಗಿಂತ ಸ್ವಲ್ಪ ಹೆಚ್ಚು. ರಕ್ಷಾಪುಟ ಸೇರಿ 230 ಗ್ರಾಂ ಆಸುಪಾಸು, ಕಟ್ಟುವ ಸಾಮಾನಿಗೆ ಇನ್ನೊಂದು 60.

ಕಟ್ಟುವಾಗ ಕಾಪಾಡಬೇಕಾದದ್ದು ಮೂಲೆಗಳನ್ನು. ಪಾರ್ಸೆಲ್ ಬೀಳುವುದು ಮೂಲೆಯ ಮೇಲೆ, ಅದಕ್ಕೇ ಮೂಲೆ ಮಡಚಿರುತ್ತದೆ. ಲೇಖಕರ ಹಸ್ತಾಕ್ಷರ ಇದ್ದರೆ ಆ ಪುಟವನ್ನು ಹತ್ತು ನಿಮಿಷ ತೆರೆದಿಟ್ಟು ಒಣಗಿಸಿ, ನಡುವೆ ತೆಳು ಟಿಶ್ಯೂ ಕಾಗದ ಇಡುತ್ತೇನೆ. ಪುಸ್ತಕ ಪ್ಲಾಸ್ಟಿಕ್ ಚೀಲದೊಳಗೆ, ಟೇಪು ಚೀಲಕ್ಕೆ ಮಾತ್ರ. ಆಮೇಲೆ ಮೇಲೊಂದು ಕೆಳಗೊಂದು ರಟ್ಟು, ನಾಲ್ಕೂ ಕಡೆ ಪುಸ್ತಕಕ್ಕಿಂತ 1 ಸೆಂ.ಮೀ. ಹೊರಗೆ ಚಾಚಿರುವಂತೆ, ಪೆಟ್ಟು ರಟ್ಟಿಗೆ ಬೀಳುತ್ತದೆ. ಅದರ ಮೇಲೆ ಎರಡು ಸುತ್ತು ಬಬಲ್ ರ್‍ಯಾಪ್. ರಬ್ಬರ್ ಬ್ಯಾಂಡ್ ಬೇಡ, ಅಂಚಿನಲ್ಲಿ ಕಚ್ಚು ಬೀಳುತ್ತದೆ. ದಿನಪತ್ರಿಕೆಯನ್ನು ನೇರವಾಗಿ ಸುತ್ತಿದರೆ ಮಸಿ ರಕ್ಷಾಪುಟಕ್ಕೆ ಹತ್ತುತ್ತದೆ. ಕಟ್ಟಿದ ಮೇಲೆ ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತೇನೆ. ಒಳಗೆ ಸದ್ದಾದರೆ ಬಿಚ್ಚಿ ಮತ್ತೆ ಕಟ್ಟುವುದೇ. ಬಬಲ್ ಸುತ್ತುವ ಮುಂಚೆಯೇ ವಿಳಾಸದ ಇನ್ನೊಂದು ಚೀಟಿಯನ್ನು ರಟ್ಟಿನ ಮೇಲೆ ಇಟ್ಟಿರುತ್ತೇನೆ, ಹೊರಗಿನದು ಒದ್ದೆಯಾಗಿ ಅಳಿಸಿಹೋದರೆ ಬಿಚ್ಚಿ ನೋಡುವವರಿಗೆ ಸಿಗಲಿ ಎಂದು.